1949ರ ಪುಸ್ತಕ, 1968ರ ರಸ್ತೆ

ಭಾರತದ ಆರ್.ಟಿ.ಒ. ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ (ಐಡಿಪಿ) ವಿಯೆಟ್ನಾಮಿನಲ್ಲಿ ನಡೆಯುವುದಿಲ್ಲ. ಈ ಮಾತನ್ನು ಯಾರ ಹತ್ತಿರ ಹೇಳಿದರೂ ಬರುವ ಉತ್ತರ ಒಂದೇ: "ಏ ಸುಮ್ನಿರಿ ಸಾರ್, ನಮ್ಮ ಭಾವಮೈದ ಹೋದ ವರ್ಷ ಹೋಗಿ ವಾರಗಟ್ಲೆ ಓಡಿಸ್ಕೊಂಡು ಬಂದಾನೆ." ಬಂದಿರಬಹುದು. ಅಲ್ಲಿ ಬಾಡಿಗೆ ಅಂಗಡಿಯವರು ಪಾಸ್‌ಪೋರ್ಟ್ ಇಟ್ಟುಕೊಂಡು ಕೀ ಕೊಡುತ್ತಾರೆ, ಬಂಕಿನವರು ಪೆಟ್ರೋಲ್ ಹಾಕುತ್ತಾರೆ, ಗಾಡಿ ಓಡುತ್ತದೆ. ಏನೂ ಆಗದಿದ್ದರೆ ಯಾವ ಕಾಗದವೂ ಬೇಕಾಗುವುದಿಲ್ಲ. ನನ್ನ ಹೊಟ್ಟೆಪಾಡು ಮಾತ್ರ ನಡೆಯುವುದು ಏನಾದರೂ ಆದವರಿಂದ.

ನಾನು ವಾಹನ ವಿಮೆಯ ಸರ್ವೇಯರ್. ದಾವಣಗೆರೆಯಲ್ಲಿ ಕಚೇರಿ ಅಂತ ಒಂದು ಕೋಣೆ ಇದೆ, ಆದರೆ ಕೆಲಸವೆಲ್ಲ ಗ್ಯಾರೇಜುಗಳಲ್ಲಿ, ಹೈವೇ ಬದಿಯಲ್ಲಿ, ಸ್ಟೇಷನ್ ಹಿಂದುಗಡೆ ಪಾರ್ಥೇನಿಯಂ ನಡುವೆ ನಿಲ್ಲಿಸಿದ ಗಾಡಿಗಳ ಹತ್ತಿರ. ಜಜ್ಜಿದ ಗಾಡಿ ಮುಂದೆ ನಿಂತಾಗ ಮಾಲೀಕರು ಬಂಪರ್ ತೋರಿಸುತ್ತಾರೆ, ರೇಡಿಯೇಟರ್ ತೋರಿಸುತ್ತಾರೆ, ಎದುರಿಂದ ಬಂದವನ ತಪ್ಪನ್ನು ವಿವರವಾಗಿ ಹೇಳುತ್ತಾರೆ. ಎಲ್ಲ ಕೇಳಿಸಿಕೊಂಡ ಮೇಲೆ ನಾನು ಕೇಳುವುದು ಒಂದೇ: "ಓಡಿಸ್ತಿದ್ದೋರು ಯಾರು? ಅವರ ಡಿ.ಎಲ್. ಕೊಡಿ." ಆಗ ಮುಖಗಳು ಬದಲಾಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಓಡಿಸುವವನ ಹತ್ತಿರ ಆ ದರ್ಜೆಯ ವಾಹನಕ್ಕೆ ಆ ದಿನ ಜಾರಿಯಲ್ಲಿದ್ದ ಲೈಸೆನ್ಸ್ ಇರಬೇಕು ಅನ್ನುವ ಷರತ್ತು ನಮ್ಮ ಪ್ರತಿ ಮೋಟಾರು ಪಾಲಿಸಿಯಲ್ಲೂ ಇದೆ. ಪ್ರೀಮಿಯಂ ಎಷ್ಟು ಕಟ್ಟಿದ್ದೀರಿ ಅನ್ನುವ ಪ್ರಶ್ನೆ ಬರುವುದು ಅದಾದ ಮೇಲೆ.

ನಮ್ಮ ದೇಶದಲ್ಲಿ ಈ ಷರತ್ತಿಗೆ ಕೋರ್ಟುಗಳು ಒಂದಿಷ್ಟು ಕರುಣೆ ಸೇರಿಸಿವೆ. ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಒಂದು ದಾರಿ ಹೇಳಿಕೊಟ್ಟಿತು. ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದರೂ ಪೆಟ್ಟು ತಿಂದ ಮೂರನೆಯವನಿಗೆ ಕಂಪನಿ ಮೊದಲು ದುಡ್ಡು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ವಕೀಲರ ಬಾಯಲ್ಲಿ ಇದಕ್ಕೆ ಪೇ ಅಂಡ್ ರಿಕವರ್ ಅಂತ ಹೆಸರು. ಲೈಸೆನ್ಸ್ ಸರಿ ಇಲ್ಲದಿದ್ದರೂ ಹೆಂಗೋ ಆಗುತ್ತೆ ಅನ್ನುವ ಧೈರ್ಯ ನಮ್ಮ ಜನಕ್ಕೆ ಬಂದಿರುವುದರಲ್ಲಿ ಈ ತೀರ್ಪಿನ ಪಾಲೂ ಇದೆ ಅಂತ ನನ್ನ ಅನುಮಾನ. ಆದರೆ ಆ ಕರುಣೆ ಬೆಂಗಳೂರು ಏರ್‌ಪೋರ್ಟಿನ ಇಮಿಗ್ರೇಷನ್ ದಾಟುವುದಿಲ್ಲ.

ವಿಯೆಟ್ನಾಮಿನ ವಿಷಯ ಎತ್ತಿದವನು ಮಂಜ, ನನ್ನ ಚಿಕ್ಕಮ್ಮನ ಮಗ. ಹಿಮಾಲಯನ್ 450 ಇಟ್ಟಿದ್ದಾನೆ, ಭಾನುವಾರ ಮನೆಯಲ್ಲಿರುವುದಿಲ್ಲ. ಉತ್ತರ ವಿಯೆಟ್ನಾಮಿನ ಹಾ ಜಾಂಗ್ ಲೂಪ್‌ನ ರೀಲ್ಸ್ ನೋಡಿ ನೋಡಿ ಅವನ ತಲೆ ಕೆಟ್ಟಿತ್ತು. ಚೀನಾ ಗಡಿಗೆ ತಾಗಿಕೊಂಡ ಸುಣ್ಣಕಲ್ಲಿನ ಬೆಟ್ಟಗಳು, ಮಾ ಪಿ ಲೆಂಗ್ ಘಾಟಿ, ಕೆಳಗೆ ಹಸಿರು ಬಣ್ಣದ ನ್ಯೋ ಕ್ವೆ ನದಿ. (2025ರ ಜುಲೈ 1ರಿಂದ ಹಾ ಜಾಂಗ್ ಪ್ರಾಂತ್ಯ ಪಕ್ಕದ ತುಯೆನ್ ಕ್ವಾಂಗ್ ಜೊತೆ ಸೇರಿಹೋಗಿದೆ. ಸವಾರರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.) ಚನ್ನಗಿರಿ ಕಡೆ ಅಡಿಕೆ ವ್ಯಾಪಾರ ಮಾಡುವ ಬಸಣ್ಣನೂ ಸೇರಿಕೊಂಡರು. ಬಸಣ್ಣನಿಗೆ ಬೈಕಿನ ಹುಚ್ಚಿಲ್ಲ, ಊರು ನೋಡುವ ಹುಚ್ಚು.

ಮಂಜ ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದ. "ಅಣ್ಣಾ, ಐಡಿಪಿ ಬಂತು ನೋಡು. ಸಾವಿರ ರೂಪಾಯಿ ಅಷ್ಟೇ. ನೀನೂ ಮಾಡ್ಸು."

ಮಾಡಿಸುವುದು ಕಷ್ಟವೇನಿಲ್ಲ ನಿಜ. ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಫಾರ್ಮ್ 4ಎ, ಪಾಸ್‌ಪೋರ್ಟ್, ವೀಸಾ, ಡಿ.ಎಲ್., ಸಾವಿರ ರೂಪಾಯಿ ಶುಲ್ಕ. ಅವಧಿ ಒಂದು ವರ್ಷ, ಡಿ.ಎಲ್. ಅದಕ್ಕಿಂತ ಮುಂಚೆ ಮುಗಿಯುವುದಾದರೆ ಅಲ್ಲಿಗೇ ಮುಗಿಯಿತು. ರಾಜ್ಯಕ್ಕೊಂದು ಥರ ಬರುತ್ತಿದ್ದ ಪುಸ್ತಕಗಳನ್ನು ಒಂದೇ ಮಾದರಿಗೆ ತರಲು 2022ರ ಆಗಸ್ಟ್‌ನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸಿತು, ಕ್ಯೂಆರ್ ಕೋಡ್ ಕೂಡ ಬಂತು. ನೋಡಲು ಗಂಭೀರವಾಗಿಯೇ ಇದೆ. ನಾನು ಅಭ್ಯಾಸಬಲದಿಂದ ಫೋಟೊ ಬಿಟ್ಟು ಸಣ್ಣ ಅಕ್ಷರ ಓದಿದೆ. 1949ರ ಸೆಪ್ಟೆಂಬರ್ 19ರ ಅಂತಾರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಕೊಟ್ಟದ್ದು ಅಂತ ಅದರ ಮೇಲೇ ಅಚ್ಚಾಗಿದೆ.

ಈ ಇಸವಿಯಲ್ಲೇ ಎಲ್ಲ ಇರುವುದು. ಐಡಿಪಿ ಅಂದರೆ ಜಗತ್ತಿಗೆಲ್ಲ ಒಂದೇ ಕಾಗದ ಅಂತ ನಾವು ತಿಳಿದಿರುತ್ತೇವೆ, ಹಾಗಿಲ್ಲ. 1949ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು, 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಇನ್ನೊಂದು. ಭಾರತ 1962ರಲ್ಲಿ ಜಿನೀವಾದ್ದಕ್ಕೆ ಸೇರಿತು, ವಿಯೆನ್ನಾದ್ದಕ್ಕೆ ಇವತ್ತಿನವರೆಗೂ ಸೇರಿಲ್ಲ. ವಿಯೆಟ್ನಾಂ 2014ರಲ್ಲಿ ವಿಯೆನ್ನಾದ್ದಕ್ಕೆ ಸೇರಿತು, ಅದರ ಪ್ರಕಾರ ಕೊಟ್ಟ ಪರ್ಮಿಟ್ಟನ್ನು ಮಾತ್ರ ಮಾನ್ಯ ಮಾಡುತ್ತದೆ. ಅಲ್ಲಿ ನಮ್ಮ ಪುಸ್ತಕಕ್ಕೆ ಬೆಲೆಯಿಲ್ಲದಿರುವುದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ಅಮೆರಿಕ, ಆಸ್ಟ್ರೇಲಿಯಾದವರ ಪುಸ್ತಕವೂ 1949ರದ್ದೇ, ಅವರದ್ದೂ ಇದೇ ಗತಿ. ಜರ್ಮನಿ, ಫ್ರಾನ್ಸ್, ಬ್ರಿಟನ್‌ನವರು 1968ರದ್ದು ತರಬಲ್ಲರು, ಅವರಿಗೆ ತೊಂದರೆಯಿಲ್ಲ. ಜಪಾನಿಗೆ ಹೋದರೆ ಲೆಕ್ಕ ತಿರುಗುಮುರುಗು, ಅಲ್ಲಿ 1949ರದ್ದು ಮಾತ್ರ ನಡೆಯುತ್ತದೆ, ನಮ್ಮ ಪುಸ್ತಕ ರಾಜಾರೋಷವಾಗಿ ಓಡುತ್ತದೆ. ಥಾಯ್ಲೆಂಡಿನಲ್ಲಿ ಎರಡೂ ಸೈ. ಶ್ರೀಲಂಕಾದಲ್ಲಿ ಐಡಿಪಿ ಇದ್ದರೂ ಅಲ್ಲಿಯ ಅನುಮೋದನೆ ಬೇರೆ ಬೇಕು. ಚೀನಾದ ಮುಖ್ಯಭೂಮಿಯಲ್ಲಿ ಯಾವ ಐಡಿಪಿಯೂ ನಡೆಯುವುದಿಲ್ಲ. ನೇಪಾಳ, ಭೂತಾನಕ್ಕೆ ನಮ್ಮ ಸಾದಾ ಡಿ.ಎಲ್. ಸಾಕು.

"ಹಂಗಾದ್ರೆ ಆರ್.ಟಿ.ಒ.ದೋರು ಯಾಕೆ ಕೊಟ್ರು?" ಅಂದ ಮಂಜ.

ಅವರ ಕೆಲಸ ಕೊಡುವುದು. ಯಾವ ದೇಶಕ್ಕೆ ಹೋಗುತ್ತೀರಿ ಅಂತ ಅರ್ಜಿಯಲ್ಲಿ ಬರೆದಿರುತ್ತೀರಿ, ಆ ದೇಶ ಇದನ್ನು ಒಪ್ಪುತ್ತದೋ ಇಲ್ಲವೋ ನೋಡುವುದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಆ ಪುಸ್ತಕದ ಮೊದಲ ಪುಟದಲ್ಲೇ ದೇಶಗಳ ಪಟ್ಟಿ ಅಚ್ಚು ಹಾಕಿಸುತ್ತಿದ್ದೆ.

ವಿಯೆಟ್ನಾಮಿನ ಲೈಸೆನ್ಸನ್ನೇ ಮಾಡಿಸಿಕೊಳ್ಳಬಹುದಲ್ಲ ಅಂತಲೂ ಮಂಜ ಹುಡುಕಿ ಬಂದ. ಮಾಡಿಸಬಹುದು, ನಮ್ಮ ಡಿ.ಎಲ್. ಕೊಟ್ಟು ಅಲ್ಲಿಯದಕ್ಕೆ ಬದಲಾಯಿಸಿಕೊಳ್ಳುವ ವ್ಯವಸ್ಥೆ ಇದೆ. ಆದರೆ ಅದು ಮೂರು ತಿಂಗಳು ಮತ್ತು ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ಇರುವವರಿಗೆ, ಹನೋಯ್, ಸೈಗಾನ್‌ನಲ್ಲಿ ಕೆಲಸದ ಮೇಲಿರುವ ನಮ್ಮವರಿಗೆ. ರಜೆ ಹಾಕಿ ಹೋಗುವ ನಮ್ಮಂಥವರಿಗಲ್ಲ.

ಸಿಕ್ಕಿಬಿದ್ದರೆ ದಂಡ ಎಷ್ಟು? ಅಲ್ಲಿಯ 168ನೇ ಆಜ್ಞೆ 2025ರ ಜನವರಿ 1ರಿಂದ ದಂಡಗಳನ್ನು ಏರಿಸಿದೆ. ಲೈಸೆನ್ಸ್ ಇಲ್ಲದೆ 125 ಸಿ.ಸಿ.ವರೆಗಿನ ಬೈಕ್ ಓಡಿಸಿದರೆ 20ರಿಂದ 40 ಲಕ್ಷ ಡಾಂಗ್, ಅದಕ್ಕಿಂತ ದೊಡ್ಡದಾದರೆ 60ರಿಂದ 80 ಲಕ್ಷ. ಲಕ್ಷ ಕೇಳಿ ಎದೆ ಹಿಡಿದುಕೊಳ್ಳಬೇಡಿ, ಸುಮಾರು 300 ಡಾಂಗ್‌ಗೆ ನಮ್ಮ ಒಂದು ರೂಪಾಯಿ. ಸಣ್ಣ ಗಾಡಿಗೆ ಹೆಚ್ಚೆಂದರೆ 13,000 ರೂಪಾಯಿ, ದೊಡ್ಡದಕ್ಕೆ 27,000ದ ಆಸುಪಾಸು. ಗಾಡಿಯನ್ನೂ ಹಿಡಿದಿಟ್ಟುಕೊಳ್ಳುತ್ತಾರೆ, ಅದು ನಿಂತ ದಿನಗಳ ಬಾಡಿಗೆ ನಿಮ್ಮ ತಲೆಗೆ. ಮಂಜ ಕ್ಯಾಲ್ಕುಲೇಟರ್ ಒತ್ತಿ ನೋಡಿ, "ಕಟ್ಟಿದ್ರಾತು ಬಿಡಣ್ಣ, ಖರ್ಚಿನಾಗೆ ಸೇರಿಸ್ಕಂಡ್ರಾತು" ಅಂದ. ರೀಲ್ಸ್ ಮಾಡುವವರೆಲ್ಲ ಹೇಳುವುದೂ ಇದನ್ನೇ. ದಂಡ ಅನ್ನುವುದು ಅವರ ಲೆಕ್ಕದಲ್ಲಿ ಒಂದು ಥರದ ಟೋಲ್.

ನನ್ನ ತಕರಾರು ದಂಡದ್ದಲ್ಲ, ಅದು ಈ ಕಥೆಯ ಅಗ್ಗದ ಭಾಗ. ದುಬಾರಿ ಭಾಗ ಕಾಣಬೇಕಾದರೆ ಬಿದ್ದವನನ್ನು ಕಾಯಬಹುದಾದ ವಿಮೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಮಂಜನನ್ನು ಕೂರಿಸಿಕೊಂಡು ಅದನ್ನೇ ಮಾಡಿದೆ.

ಅವನ ಹಿಮಾಲಯನ್‌ನ ಪಾಲಿಸಿ ಇಲ್ಲಿ ಲೆಕ್ಕಕ್ಕೇ ಇಲ್ಲ. ಅದು ಆ ಗಾಡಿಗೆ ಅಂಟಿಕೊಂಡದ್ದು, ಭಾರತದೊಳಗೆ ಮಾತ್ರ. ಸ್ವಂತ ಗಾಡಿಯನ್ನೇ ಗಡಿ ದಾಟಿಸುವವರಿಗೆ ಒಂದು ಅನುಕೂಲ ಇದೆ, ನಮ್ಮ ಹಳೆಯ ಮೋಟಾರು ಟ್ಯಾರಿಫ್‌ನ ಐಎಂಟಿ 1 ಅನ್ನುವ ಎಂಡಾರ್ಸ್‌ಮೆಂಟ್. ಒಂದಿಷ್ಟು ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೆ ಅದೇ ಪಾಲಿಸಿ ವಿಸ್ತರಿಸುತ್ತದೆ. ಕಾಠ್ಮಂಡುವಿಗೆ ಬುಲೆಟ್ ಹೊಡೆದುಕೊಂಡು ಹೋಗುವ ನಮ್ಮ ಹುಡುಗರು ಗಡಿಯಲ್ಲಿ ಭನ್ಸಾರ್ ಅನ್ನುವ ನೇಪಾಳದ ಸುಂಕದ ಚೀಟಿ ತಪ್ಪದೆ ಮಾಡಿಸುತ್ತಾರೆ, ಇದನ್ನು ಮಾಡಿಸುವವರು ಅಪರೂಪ. ಏಜೆಂಟರಿಗೂ ನೆನಪಿರುವುದಿಲ್ಲ. ಗಡಿಯಾಚೆ ಗಾಡಿ ಜಖಂ ಆಗಿ, ಊರಿಗೆ ಲಾರಿಯಲ್ಲಿ ಹೇರಿಕೊಂಡು ಬಂದು, ನನ್ನನ್ನು ಕರೆದರೆ ನಾನು ಬರೆಯುವ ವರದಿ ಎರಡೇ ಸಾಲಿನದ್ದು.

ಬಾಡಿಗೆ ಗಾಡಿಯ ವಿಮೆ ಆಮೇಲಿನದು. ಹಾ ಜಾಂಗ್‌ನ ಅಂಗಡಿಗಳಲ್ಲಿ "ಇನ್ಶೂರೆನ್ಸ್ ಸೇರಿದೆ" ಅಂತ ಹೇಳುತ್ತಾರೆ. ಏನು ಸೇರಿದೆ ಅಂತ ಬಿಡಿಸಿ ಕೇಳಬೇಕು. ಒಂದು, ಗಾಡಿಗೆ ಸರ್ಕಾರ ಕಡ್ಡಾಯ ಮಾಡಿರುವ ಹೊಣೆಗಾರಿಕೆ ವಿಮೆ, ನಮ್ಮ ಟಿ.ಪಿ., ಅಂದರೆ ಥರ್ಡ್ ಪಾರ್ಟಿ ವಿಮೆ ಇದ್ದ ಹಾಗೆ. 50 ಸಿ.ಸಿ. ಮೇಲ್ಪಟ್ಟ ಬೈಕಿಗೆ ವರ್ಷಕ್ಕೆ 60,000 ಡಾಂಗ್, ಮೇಲೆ ತೆರಿಗೆ. ಅಂದರೆ ನಮ್ಮ ಇನ್ನೂರು ಚಿಲ್ಲರೆ ರೂಪಾಯಿ. ಅದರಿಂದ ಪೆಟ್ಟಾದ ಮೂರನೆಯವರಿಗೆ ತಲಾ 15 ಕೋಟಿ ಡಾಂಗ್‌ವರೆಗೆ, ಅಂದರೆ 5 ಲಕ್ಷ ರೂಪಾಯಿಯಷ್ಟು, ಆಸ್ತಿ ನಷ್ಟಕ್ಕೆ 5 ಕೋಟಿ ಡಾಂಗ್‌ವರೆಗೆ ಸಿಗುತ್ತದೆ. ಓಡಿಸುವವನಿಗೆ ಏನೂ ಇಲ್ಲ. ಎರಡು, ಅಂಗಡಿಯವರೇ ಮಾಡಿಕೊಂಡ ಡ್ಯಾಮೇಜ್ ಕವರ್. ಅದು ಗಾಡಿಯ ಗೀರು, ಮುರಿದ ಲಿವರ್‌ಗಳ ಲೆಕ್ಕ, ವಿಮೆಯೇ ಅಲ್ಲ. ಮಂಡಿಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ.

ಕಡ್ಡಾಯ ವಿಮೆಯ ನಿಯಮ ಅಲ್ಲಿ 2023ರ 67ನೇ ಆಜ್ಞೆಯಲ್ಲಿದೆ. ಅದನ್ನು ಫೋನಿನಲ್ಲಿ ಅನುವಾದಿಸಿಕೊಂಡು ಓದಿದೆ. ನಮ್ಮ ಕಸುಬಿನವರು ಪಾಲಿಸಿಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇವೆ, ಯಾವಾಗ ಕೊಡುವುದಿಲ್ಲ ಅನ್ನುವುದು ಮೊದಲು. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಇರುವ ಲೈಸೆನ್ಸ್ ಮಾನ್ಯವಲ್ಲದಿದ್ದರೆ ಹೊಣೆಗಾರಿಕೆ ಇಲ್ಲ ಅಂತ ಅಲ್ಲೂ ಇತ್ತು. ಭಾಷೆ ಬೇರೆ, ಲಿಪಿ ಬೇರೆ, ಷರತ್ತು ಮಾತ್ರ ನಮ್ಮೂರಿನದೇ. ಒಂದು ಕ್ಷಣ ದಾವಣಗೆರೆಯಲ್ಲೇ ಕೂತಂತೆ ಅನ್ನಿಸಿತು.

ಕೊನೆಗೆ ಉಳಿಯುವುದು ನಾವು ಇಲ್ಲಿಂದ ಕೊಂಡೊಯ್ಯುವ ಟ್ರಾವೆಲ್ ಪಾಲಿಸಿ. ಟಿಕೆಟ್ ಬುಕ್ ಮಾಡುವಾಗ ಕೆಳಗೆ ಟಿಕ್ ಹಾಕಿದರೆ ಬರುತ್ತದಲ್ಲ, ಅದು. 50,000 ಡಾಲರ್, ಒಂದು ಲಕ್ಷ ಡಾಲರ್ ಅಂತ ದೊಡ್ಡ ಅಕ್ಷರದಲ್ಲಿರುತ್ತದೆ. ಮಂಜ ಒಂದು ಲಕ್ಷದ್ದು ತಗೊಂಡು ಜೊತೆಗೆ ಅಡ್ವೆಂಚರ್ ಸ್ಪೋರ್ಟ್ಸ್ ಅನ್ನುವ ಆಡ್-ಆನ್ ಕೂಡ ಹಾಕಿಸಿದ್ದ. ಬೈಕ್ ರೈಡು ಅಡ್ವೆಂಚರ್ ಅಲ್ಲದೆ ಇನ್ನೇನು ಅನ್ನುವುದು ಅವನ ವಾದ. ಪಾಲಿಸಿ ವರ್ಡಿಂಗ್ಸ್ ತೆರೆದು ಅವನಿಂದಲೇ ಓದಿಸಿದೆ. ಆ ಆಡ್-ಆನ್ ಒಳಗೆ ರಾಫ್ಟಿಂಗ್, ಬಂಜೀ, ಸ್ಕೂಬಾ ಇದ್ದವು. ರಸ್ತೆ ಮೇಲೆ ಬಾಡಿಗೆ ಬೈಕ್ ಓಡಿಸುವುದು ಇರಲಿಲ್ಲ. ಇದ್ದರೂ ಉಪಯೋಗವಿರಲಿಲ್ಲ. ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ, ಆ ದೇಶದ ಕಾನೂನು ಮುರಿದಾಗ ಆದ ನಷ್ಟ, ಮಾನ್ಯ ಲೈಸೆನ್ಸ್ ಇಲ್ಲದೆ ಓಡಿಸಿದಾಗ ಆದ ಗಾಯ ಅಂತ ಸಾಲುಗಳಿದ್ದವು. ಅದರ ಪಕ್ಕದಲ್ಲೇ ಮದ್ಯ. ವಿಮಾ ಮೊತ್ತ ಒಂದು ಲಕ್ಷ ಡಾಲರ್ ಇರಲಿ, ಹತ್ತು ಲಕ್ಷ ಇರಲಿ, ಆ ಸಾಲಿನ ಮುಂದೆ ಎರಡೂ ಒಂದೇ.

ಇನ್ನೂ ಒಂದು ಸಾಲು ಎಲ್ಲರ ಕಣ್ಣು ತಪ್ಪುತ್ತದೆ. ಟ್ರಾವೆಲ್ ಪಾಲಿಸಿಯಲ್ಲಿ ಪರ್ಸನಲ್ ಲಯಬಿಲಿಟಿ ಅಂತ ಒಂದು ಭಾಗ ಇರುತ್ತದೆ, ನಮ್ಮಿಂದ ಇನ್ನೊಬ್ಬರಿಗೆ ತೊಂದರೆಯಾದರೆ ಕೊಡುವಂಥದ್ದು. ಜನ ಅದನ್ನು ನೋಡಿ ಸಮಾಧಾನಪಡುತ್ತಾರೆ. ಸಾಮಾನ್ಯವಾಗಿ ಮೋಟಾರು ವಾಹನದಿಂದ ಆದ ಹೊಣೆಯನ್ನು ಅದರಿಂದ ತೆಗೆದಿರುತ್ತಾರೆ. ಅಂದರೆ ಘಾಟಿಯ ತಿರುವಿನಲ್ಲಿ ನೀವು ಯಾರದೋ ಅಜ್ಜಿಗೆ ಗುದ್ದಿದರೆ, ಬಾಡಿಗೆ ಗಾಡಿಯ ಕಡ್ಡಾಯ ವಿಮೆ ನಿಮ್ಮ ಲೈಸೆನ್ಸ್ ನೋಡಿ ಹಿಂದೆ ಸರಿಯುತ್ತದೆ, ಟ್ರಾವೆಲ್ ಪಾಲಿಸಿ ಗಾಡಿ ನೋಡಿ ಹಿಂದೆ ಸರಿಯುತ್ತದೆ. ಅಜ್ಜಿಯ ಮನೆಯವರು, ಪೊಲೀಸರು, ನೀವು. ದುಡ್ಡು ಮನೆಯಿಂದ ಬರಬೇಕು.

ನನಗೆ ರೀಲ್ಸ್ ಮಾಡುವವರ ಮೇಲೆ ಸಿಟ್ಟು ಬರುವುದು ಇದಕ್ಕೇ. ದಂಡದ ಲೆಕ್ಕ ಹೇಳುತ್ತಾರೆ, ಪೊಲೀಸರು ಎಲ್ಲಿ ನಿಂತಿರುತ್ತಾರೆ ಅಂತ ಹೇಳುತ್ತಾರೆ, ಎಷ್ಟು ಹೊತ್ತಿಗೆ ಎದ್ದರೆ ತಪ್ಪಿಸಿಕೊಳ್ಳಬಹುದು ಅಂತಲೂ ಹೇಳುತ್ತಾರೆ. ಗುದ್ದಿಸಿಕೊಂಡವರ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ. ಬಿದ್ದವನೇ ಆದರೂ, ಹಾ ಜಾಂಗ್ ಪಟ್ಟಣದಿಂದ ಹನೋಯ್‌ನ ದೊಡ್ಡ ಆಸ್ಪತ್ರೆಗಳಿಗೆ 300 ಕಿಲೋಮೀಟರ್ ರಸ್ತೆ. ಘಾಟಿಯ ಮೇಲಿಂದ ಪಟ್ಟಣಕ್ಕೆ ಇಳಿಯುವುದೇ ಅರ್ಧ ದಿನದ ಕೆಲಸ. ತೊಡೆ ಮೂಳೆ ಮುರಿದುಕೊಂಡು ಆ ದಾರಿಯಲ್ಲಿ ಬರುವವನ ಪಕ್ಕದಲ್ಲಿ ಕೂತು, ಖರ್ಚು ಯಾರದು ಅಂತ ಯೋಚಿಸುವುದು ಬೇಡ.

ಮಂಜ ಎರಡು ದಿನ ಮಾತಾಡಲಿಲ್ಲ. ಆಮೇಲೆ ಬಸಣ್ಣನೇ ಒಂದು ದಾರಿ ತೆಗೆದರು. "ಓಡಿಸೋದು ಬಿಟ್ರೆ ಹಿಂದೆ ಕುಂದ್ರಾಕೆ ಏನು ಲೈಸೆನ್ಸ್ ಬೇಕೇನಪ್ಪ?"

ಬೇಡ. ಹಾ ಜಾಂಗ್‌ನಲ್ಲಿ ಈಜಿ ರೈಡರ್ ಅನ್ನುವ ವ್ಯವಸ್ಥೆ ಇದೆ. ಸ್ಥಳೀಯ ಹುಡುಗರು ಓಡಿಸುತ್ತಾರೆ, ನಾವು ಹಿಂಬದಿ ಸವಾರರು. ನಾನು ಆ ಕಂಪನಿಗೆ ಬರೆದು, ನಮ್ಮನ್ನು ಕರೆದೊಯ್ಯುವ ಹುಡುಗರ ಲೈಸೆನ್ಸಿನ ಫೋಟೊ, ಗಾಡಿಗಳ ನೋಂದಣಿ ಕಾರ್ಡ್, ಕಡ್ಡಾಯ ವಿಮೆಯ ಕಾಗದ ಕಳಿಸಿ ಅಂದೆ. ನಗುವ ಮುಖದ ಒಂದು ಎಮೋಜಿ ಬಂತು. ಇನ್ನೊಮ್ಮೆ ಕೇಳಿದೆ, ಫೋಟೊಗಳು ಬಂದವು. ನನ್ನ ಹುಡುಗನ ಕಾರ್ಡಿನ ಮೇಲೆ ಎ1 ಅಂತಿತ್ತು, ಗಾಡಿ 150 ಸಿ.ಸಿ. ಅಲ್ಲಿಯ ಹೊಸ ಕಾನೂನಿನಲ್ಲಿ ಎ1 ಅಂದರೆ 125 ಸಿ.ಸಿ.ವರೆಗೆ ಮಾತ್ರ. ಸರ್ವೇಯರ್ ಬುದ್ಧಿ ತಕ್ಷಣ ಅಲ್ಲಿ ನಿಂತಿತು. ಆದರೆ 2025ಕ್ಕೆ ಮುಂಚೆ ಕೊಟ್ಟ ಎ1 ಕಾರ್ಡುಗಳಿಗೆ 175 ಸಿ.ಸಿ.ಗಿಂತ ಕೆಳಗಿನ ಗಾಡಿ ಓಡಿಸುವ ಹಳೆಯ ಹಕ್ಕು ಹಾಗೇ ಉಳಿದಿದೆ. ಕಾರ್ಡಿನ ತಾರೀಖು ನೋಡಿದೆ, ಸರಿಯಿತ್ತು. ಬಸಣ್ಣ ಇದನ್ನೆಲ್ಲ ನೋಡಿ, "ಹೆಣ್ಣು ನೋಡಾಕೆ ಹೋದಾಗ್ಲೂ ಇಷ್ಟು ವಿಚಾರ್ಸಿರ್ಲಿಲ್ಲ ನೀನು" ಅಂದರು.

ಜೊತೆಗೆ ಟ್ರಾವೆಲ್ ವಿಮೆಯ ಕಂಪನಿಗೂ ಇಮೇಲ್ ಬರೆದೆ. ಲೈಸೆನ್ಸ್ ಇರುವ ಸ್ಥಳೀಯ ಚಾಲಕನ ಬೈಕಿನಲ್ಲಿ ಹಿಂದೆ ಕೂತು ಹೋಗುವಾಗ ಅಪಘಾತವಾದರೆ ಆಸ್ಪತ್ರೆ ಖರ್ಚು ಕೊಡುತ್ತೀರಾ? ಗಾಡಿಯ ಸಿ.ಸಿ.ಗೆ ಮಿತಿ ಇದೆಯಾ? ಹೆಲ್ಮೆಟ್ ವಿಷಯದಲ್ಲಿ ಷರತ್ತೇನು? ಮೊದಲ ಉತ್ತರ, ಪಾಲಿಸಿಯ ನಿಯಮ ಮತ್ತು ಷರತ್ತುಗಳಿಗೆ ಒಳಪಟ್ಟಿದೆ ಅಂತ. ಅದು ಉತ್ತರವಲ್ಲ ಅಂತ ಗೊತ್ತಿರುವುದರಿಂದ, ಇಷ್ಟನೇ ಕಲಂ ಪ್ರಕಾರ ಹೌದೋ ಅಲ್ಲವೋ ಹೇಳಿ ಅಂತ ಮತ್ತೆ ಬರೆದೆ. ಕಡೆಗೆ ಹೌದು ಅಂತ ಬಂತು. ಆ ಇಮೇಲ್ ಪ್ರಿಂಟ್ ತೆಗೆದು ಪಾಲಿಸಿ ಜೊತೆ ಪಿನ್ ಹೊಡೆದೆ. ಕಾಲ್ ಸೆಂಟರಿನಲ್ಲಿ ಯಾರೋ "ಕವರ್ ಆಗುತ್ತೆ ಸಾರ್" ಅಂದದ್ದನ್ನು ನಂಬಿಕೊಂಡು ಹೋಗಬೇಡಿ. ನಾಳೆ ಜಗಳ ಬಂದು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋದರೆ ಅವರು ನೋಡುವುದು ಬರಹವನ್ನು. (50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ಈ ಸೌಲಭ್ಯ ಇರುವುದೇ ಬಹಳ ಜನಕ್ಕೆ ಗೊತ್ತಿಲ್ಲ.)

ರಸ್ತೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. 1959ರಿಂದ 1965ರವರೆಗೆ ಕೈಯಲ್ಲೇ ಕಡಿದ ರಸ್ತೆ ಅದು. ಮಾ ಪಿ ಲೆಂಗ್‌ನ ಕಡಿದಾದ ಭಾಗದಲ್ಲಿ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಗೆ ನೇತಾಡಿ ಕಲ್ಲು ಒಡೆದರಂತೆ. ಹಿಂದೆ ಕೂತಿದ್ದರಿಂದ ಪ್ರಪಾತ, ಜೋಳದ ಗಿಡ, ಕಲ್ಲಿನ ಸಂದಿಗಳಲ್ಲಿ ಒಂದೊಂದೇ ಹಿಡಿ ಮಣ್ಣು ತುಂಬಿ ಬೆಳೆ ತೆಗೆದಿರುವ ಹಮಾಂಗ್ ರೈತರ ಹೊಲ, ಎಲ್ಲ ಕಣ್ಣುತುಂಬ ನೋಡಿದೆ. ನಾನೇ ಓಡಿಸಿದ್ದರೆ ಮುಂದಿನ ಲಾರಿಯ ಟೈರ್ ಮಾತ್ರ ಕಾಣುತ್ತಿತ್ತು. ಇದನ್ನು ಮಂಜನ ಮುಂದೆ ಹೇಳಲಿಲ್ಲ.

ಯೆನ್ ಮಿನ್ ದಾಟಿದ ಮೇಲೆ ಪೊಲೀಸರು ನಿಂತಿದ್ದರು. ನಮ್ಮ ಹುಡುಗರು ಕಾರ್ಡ್ ತೋರಿಸಿ ಒಂದು ನಿಮಿಷದಲ್ಲಿ ಮುಂದೆ ಹೋದರು. ಪಕ್ಕದಲ್ಲಿ ಬಾಡಿಗೆ ಬೈಕುಗಳ ಸಾಲು, ಅದರ ಮುಂದೆ ಬೆವರುತ್ತಿದ್ದ ವಿದೇಶಿ ಹುಡುಗರು. ಅದರಲ್ಲೊಬ್ಬ ಪುಸ್ತಕ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದ. ಪೊಲೀಸ್ ಅದನ್ನು ತಿರುಗಿಸಿ ಹೊದಿಕೆಯ ಮೇಲಿನ ಇಸವಿಗೆ ಬೆರಳಿಟ್ಟ. ಮಂಜ ಹೆಲ್ಮೆಟ್ ಒಳಗಿಂದ ನನ್ನ ಕಡೆ ನೋಡಿದ, ನಾನು ನದಿ ಕಡೆ ನೋಡಿದೆ.

ರಾತ್ರಿ ಹೋಂಸ್ಟೇಯಲ್ಲಿ ಊಟದ ಜೊತೆ ಜೋಳದ ಸಾರಾಯಿ ಬರುತ್ತದೆ, ಸಣ್ಣ ಸಣ್ಣ ಬಟ್ಟಲಲ್ಲಿ, ಬೇಡ ಅಂದಷ್ಟೂ ತುಂಬುತ್ತಾರೆ. ವಿಯೆಟ್ನಾಮಿನಲ್ಲಿ ಗಾಡಿ ಓಡಿಸುವವನ ಉಸಿರಿನಲ್ಲಿ ಮದ್ಯ ಸೊನ್ನೆ ಇರಬೇಕು. ನಮ್ಮಲ್ಲಿ ರಕ್ತದಲ್ಲಿ 100 ಮಿಲಿ ಲೀಟರಿಗೆ 30 ಮಿಲಿಗ್ರಾಂ ಅಂತ ಒಂದು ರಿಯಾಯಿತಿ ಇದೆಯಲ್ಲ, ಅಲ್ಲಿ ಅದೂ ಇಲ್ಲ. ರಾತ್ರಿ ಕುಡಿದದ್ದು ಬೆಳಿಗ್ಗೆ ಏಳಕ್ಕೆ ಯಂತ್ರದಲ್ಲಿ ಕಾಣಬಹುದು. ನನ್ನ ಹುಡುಗ ಕುಡಿಯಲಿಲ್ಲ. ಕುಡಿದಿದ್ದರೆ ಮರುದಿನ ನಾನು ಬಸ್ ಹತ್ತುತ್ತಿದ್ದೆ, ಅವನಿಗೆ ಮೊದಲೇ ಫೋನಿನ ಅನುವಾದದಲ್ಲಿ ಅದನ್ನು ಹೇಳಿದ್ದೆ.

ಮಂಜನಿಗೆ ಹ್ಯಾಂಡಲ್ ಹಿಡಿಯುವ ಆಸೆ ತೀರಿದ್ದು ನಿನ್ ಬಿನ್‌ನಲ್ಲಿ. ಹನೋಯ್‌ನ ದಕ್ಷಿಣಕ್ಕಿರುವ ಸಮತಟ್ಟಾದ ಊರು, ಭತ್ತದ ಗದ್ದೆಗಳ ನಡುವೆ ಸುಣ್ಣಕಲ್ಲಿನ ಗುಡ್ಡಗಳು. ವಿಯೆಟ್ನಾಮಿನಲ್ಲಿ 50 ಸಿ.ಸಿ.ಗಿಂತ ಕೆಳಗಿನ ಗಾಡಿಗೆ ಲೈಸೆನ್ಸ್ ಬೇಕಿಲ್ಲ, 16 ವರ್ಷ ತುಂಬಿದ್ದರೆ ಸಾಕು. ಹಾಗಾಗಿ ಅದು ಅಲ್ಲಿಯ ಹೈಸ್ಕೂಲು ಮಕ್ಕಳ ಗಾಡಿ. ಅಂಥದ್ದೊಂದನ್ನು ಹುಡುಕಿ ತಂದೆವು, ನೋಂದಣಿ ಕಾರ್ಡಿನಲ್ಲಿ ಎಂಜಿನ್ ಅಳತೆ ನೋಡಿಯೇ. ಹೊರಗೆ 50 ಅಂತ ಸ್ಟಿಕ್ಕರ್ ಅಂಟಿಸಿ ಒಳಗೆ 110 ಇಟ್ಟಿರುವ ಗಾಡಿಗಳೂ ಬಾಡಿಗೆಗೆ ಸಿಗುತ್ತವೆ, ಆಗ ಕಥೆ ಮೊದಲಿಗೇ ಬರುತ್ತದೆ. ಶಾಲೆ ಬಿಡುವ ಹೊತ್ತು. ಲಡಾಖ್ ಸುತ್ತಿ ಬಂದ ನಮ್ಮ ಮಂಜನನ್ನು ಬಿಳಿ ಅಂಗಿಯ ಹುಡುಗಿಯರ ಗುಂಪೊಂದು ಗಂಟೆ ಬಾರಿಸಿದ ಹಾಗೆ ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿಕೊಂಡು ಹೋಯಿತು. ಬಸಣ್ಣ ಸೈಕಲ್ ಮೇಲೆ ಹಿಂದೆ ಬರುತ್ತಿದ್ದರು. ಅವರು ನಕ್ಕದ್ದು ಗದ್ದೆಯಾಚೆಗೂ ಕೇಳಿಸಿತು.

ಆ 50 ಸಿ.ಸಿ. ಮೇಲೆ ಬಿದ್ದಿದ್ದರೆ ವಿಮೆ ಕೊಡುತ್ತಿತ್ತಾ? ಕಾನೂನು ಮುರಿದಂತಾಗುವುದಿಲ್ಲ, ಅದು ಅನುಕೂಲದ ಮಾತು. ಮಾನ್ಯ ಲೈಸೆನ್ಸ್ ಇಲ್ಲದೆ ಓಡಿಸಿದರೆ ಇಲ್ಲ ಅನ್ನುವ ಸಾಲನ್ನು, ಲೈಸೆನ್ಸೇ ಬೇಡದ ಗಾಡಿಗೆ ಹೇಗೆ ಓದಬೇಕು ಅನ್ನುವುದು ವಾದಕ್ಕೆ ಬೀಳುವ ವಿಷಯ. ನಾನು ಕಂಪನಿಯ ಕಡೆ ಕೂತರೆ ಒಂದು ಥರ ಬರೆಯಬಲ್ಲೆ, ಪಾಲಿಸಿದಾರನ ಕಡೆ ಕೂತರೆ ಇನ್ನೊಂದು ಥರ. ಹೀಗಾಗಿ ಮಂಜನಿಗೆ ಗದ್ದೆ ರಸ್ತೆ ಬಿಟ್ಟು ಹೈವೇ ಹತ್ತಬೇಡ ಅಂದಿದ್ದೆ. ಹತ್ತಲಿಲ್ಲ, ಆ ಗಾಡಿಗೆ ಹತ್ತುವ ಶಕ್ತಿಯೂ ಇರಲಿಲ್ಲ.

ಈಗ ಅವನ ಕಣ್ಣು ಥಾಯ್ಲೆಂಡಿನ ಮೇಲೆ. ಚಿಯಾಂಗ್ ಮಾಯ್‌ನಿಂದ ಪಾಯ್ ಮೇಲೆ ಮೇ ಹಾಂಗ್ ಸೋನ್ ಸುತ್ತು, 1,864 ತಿರುವು ಅಂತ ಬೋರ್ಡೇ ಇದೆಯಂತೆ. ಅಲ್ಲಿ ನಮ್ಮ 1949ರ ಪುಸ್ತಕ ನಡೆಯುತ್ತದೆ, ಹಾಗಾಗಿ ನನ್ನ ತಕರಾರಿಲ್ಲ. ಪೋ ರೋ ಬೋ ಅನ್ನುವ ಅಲ್ಲಿಯ ಕಡ್ಡಾಯ ವಿಮೆ ವಿಯೆಟ್ನಾಮಿನದಕ್ಕಿಂತ ಒಂದು ಕೈ ಮೇಲು, ತಪ್ಪು ಯಾರದೇ ಇದ್ದರೂ ಪೆಟ್ಟಾದವನ ಚಿಕಿತ್ಸೆಗೆ ಮೊದಲ 30,000 ಬಾತ್‌ವರೆಗೆ ಕೊಡುತ್ತದೆ, ಓಡಿಸುವವನಿಗೂ. ದೊಡ್ಡ ಪೆಟ್ಟಿಗೆ ಅದು ಸಾಲದು, ಟ್ರಾವೆಲ್ ಪಾಲಿಸಿ ಬೇಕೇ ಬೇಕು, ಇಮೇಲೂ ಬೇಕು.

ಪುಸ್ತಕದಲ್ಲಿ ಇನ್ನೊಂದು ನೋಡಬೇಕಾದದ್ದಿದೆ. ಒಳಗಿನ ಪುಟದಲ್ಲಿ ಎ, ಬಿ, ಸಿ, ಡಿ, ಇ ಅಂತ ದರ್ಜೆಗಳಿವೆ. ಮೋಟಾರ್ ಸೈಕಲ್ಲು ಎ, ಕಾರು ಬಿ. ಕಾರಿನ ಡಿ.ಎಲ್. ಮಾತ್ರ ಇದ್ದವರಿಗೆ ಬಿ ಮುಂದೆ ಮಾತ್ರ ಮುದ್ರೆ ಬೀಳುತ್ತದೆ, ಅವರು ಅದೇ ಪುಸ್ತಕ ಹಿಡಿದು ಸ್ಕೂಟರ್ ಬಾಡಿಗೆ ತೆಗೆದುಕೊಂಡರೆ ಕಾಗದದ ಲೆಕ್ಕದಲ್ಲಿ ಲೈಸೆನ್ಸ್ ಇಲ್ಲದವರೇ. ಬಸಣ್ಣನ ಮಗಳೂ ಈ ಸಲ ಬರುತ್ತೇನೆ ಅನ್ನುತ್ತಿದ್ದಾಳೆ. ಅವಳ ಡಿ.ಎಲ್.ನಲ್ಲಿರುವುದು ಎಂಸಿಡಬ್ಲ್ಯೂಒಜಿ, ಗೇರಿಲ್ಲದ ಗಾಡಿ. ಬಾಡಿಗೆ ಅಂಗಡಿಗಳಲ್ಲಿ ಸಿಗುವ ಸೆಮಿ ಆಟೊಮ್ಯಾಟಿಕ್‌ಗಳಿಗೆ ಕ್ಲಚ್ ಲಿವರ್ ಇರುವುದಿಲ್ಲ, ಗೇರ್ ಇರುತ್ತದೆ. ಅವಳಿಗೆ ಆಟೊಮ್ಯಾಟಿಕ್ ಸ್ಕೂಟರೇ ಆಗಬೇಕು, ಇಲ್ಲದಿದ್ದರೆ ಹೋಗುವ ಮೊದಲು ಇಲ್ಲೇ ಗೇರಿನ ಟೆಸ್ಟ್ ಕೊಡಬೇಕು. ಟೆಸ್ಟ್ ಕೊಡುತ್ತೇನೆ ಅಂದಿದ್ದಾಳೆ, ಅಭ್ಯಾಸಕ್ಕೆ ಮಂಜನ ಹಿಮಾಲಯನ್ ಕೇಳಿದ್ದಾಳಂತೆ. ಮಂಜ ಇನ್ನೂ ಉತ್ತರ ಕೊಟ್ಟಿಲ್ಲ.